‘ಗಂಡು ಮಗ ಅಲ್ಲ ಅಂದ್ಮೇಲೆ ಪಾಲು ಎಲ್ಲಿಂದ?’

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಟೀಚರ್. ಅಪ್ಪ ಕಳೆದ ವರ್ಷ ತೀರಿಕೊಂಡರು. ಉಯಿಲು ಬರೆದಿಲ್ಲ. 4 ಎಕರೆ ಕಾಫಿ ತೋಟ ಇದೆ. ಒಂದೂವರೆ ಎಕರೆ ತಾತನ ಕಾಲದ್ದು, ಎರಡೂವರೆ ಎಕರೆ ಅಪ್ಪ ದುಡಿದು ಕೊಂಡದ್ದು. ಅಮ್ಮ ಇದ್ದಾರೆ. ಮಕ್ಕಳು ಮೂವರು: ಅಣ್ಣ, ನಾನು, ಆಮೇಲೆ ತಮ್ಮ. ತಮ್ಮ ಏಳು ವರ್ಷ ಬೆಂಗಳೂರಿನಲ್ಲಿದ್ದು, ಅಪ್ಪನ ತಿಥಿಗೆ ಸೀರೆ ಉಟ್ಟು ಬಂದ. ಈಗ ಅಮ್ಮನ ಜೊತೆಗೇ ಇದ್ದಾನೆ. ಹೆಸರೂ ಬದಲಾಯಿಸಿಕೊಂಡಿದ್ದಾನೆ. ಹಾರ್ಮೋನ್ ಚಿಕಿತ್ಸೆ ನಡೆಯುತ್ತಿದೆ, ಆಪರೇಷನ್ ಆಗಿಲ್ಲ. ಅಣ್ಣ ‘ಗಂಡು ಮಗ ಅಲ್ಲ ಅಂದ್ಮೇಲೆ ಪಾಲು ಎಲ್ಲಿಂದ?’ ಅನ್ನುತ್ತಾನೆ. ಪೌತಿ ಖಾತೆಗೆ ಅಂತ ಹೇಳಿ ಒಂದು ಪತ್ರಕ್ಕೆ ನಮ್ಮ ಸಹಿ ಕೇಳುತ್ತಿದ್ದಾನೆ. ನಮ್ಮ ಸ್ಟಾಫ್ ರೂಮಿನಲ್ಲಿ ಬೇರೆಯದೇ ಚರ್ಚೆ. ಹುಟ್ಟಿನಿಂದ ಹೆಣ್ಣಾದವಳು ಮಾತ್ರ ಹೆಣ್ಣು ಅಂತ ಬ್ರಿಟನ್ನಿನ ಕೋರ್ಟು ಹೇಳಿದೆಯಂತೆ, ಅದು ಇಲ್ಲಿಗೂ ಬರುತ್ತದೆ ಅನ್ನುತ್ತಾರೆ. ಹೆಂಗಸರ ಟಾಯ್ಲೆಟ್, ಹಾಸ್ಟೆಲ್ ಗತಿ ಏನು ಅಂತ ಕೇಳುತ್ತಾರೆ. ನನಗೆ ಉತ್ತರ ತೋಚುವುದಿಲ್ಲ. ಅವನು ಅನ್ನಬೇಕೋ ಅವಳು ಅನ್ನಬೇಕೋ, ಅದೂ ಗೊತ್ತಾಗುತ್ತಿಲ್ಲ. ಅಣ್ಣ ‘ಅದು’ ಅಂತಾನೆ.

ಉತ್ತರ: ಮೇಡಂ, ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ.

ನಮ್ಮ ಹಾಸನದ ಕಡೆ ಪುಟ್ಟ ಮಕ್ಕಳನ್ನು ಪ್ರೀತಿಯಿಂದ ‘ಅದು’ ಅನ್ನುತ್ತೇವೆ. ‘ಅದಿನ್ನೂ ಮಲಗಿದೆ, ಎಬ್ಬಿಸಬೇಡಿ’ ಅಂತ. ನಿಮ್ಮ ಅಣ್ಣ ಅನ್ನುತ್ತಿರುವ ‘ಅದು’ ಆ ಜಾತಿಯದ್ದಲ್ಲ. ಕನ್ನಡದಲ್ಲಿ ಒಂದು ಕ್ರಿಯಾಪದ ಆಡಿದರೆ ಸಾಕು, ಎದುರಿಗಿರುವವರು ಗಂಡೋ ಹೆಣ್ಣೋ ಹೇಳಿಬಿಟ್ಟ ಹಾಗಾಗುತ್ತದೆ. ಬಂದ, ಬಂದಳು, ಬಂತು. ಬೆಳೆದ ಮನುಷ್ಯರನ್ನು ‘ಬಂತು’ ಅಂದರೆ ಅವರನ್ನು ದನಕರುಗಳ ಸಾಲಿಗೆ ತಳ್ಳಿದ ಹಾಗೆ. ಇಷ್ಟು ವರ್ಷ ತಮ್ಮ ಅಂದ ಬಾಯಿಗೆ ತಂಗಿ ಅನ್ನೋದು ಒಂದೇ ದಿನದಲ್ಲಿ ಬರುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ಸುಮ್ನೆ ಅವರನ್ನೇ ಕೇಳಿ, ‘ನಿನ್ನನ್ನ ಏನಂತ ಕರೀಲಿ?’ ಅಂತ. ಹೆಸರು ಬದಲಾಯಿಸಿಕೊಂಡು ಸೀರೆಯಲ್ಲಿ ಮನೆಗೆ ಬಂದಿದ್ದಾರೆ ಅಂದಮೇಲೆ ಉತ್ತರ ನಿಮಗೆ ಗೊತ್ತೇ ಇದೆ. ನಾನಿಲ್ಲಿ ನಿಮ್ಮ ತಂಗಿ ಎಂದೇ ಬರೆಯುತ್ತೇನೆ.

ಈಗ ಆಸ್ತಿ. ಅಣ್ಣನ ಮಾತಿನಲ್ಲಿ ಹುರುಳಿಲ್ಲ. ನಿಮ್ಮದು ಹಿಂದೂ ಕುಟುಂಬ ಅಂದುಕೊಂಡು ಹೇಳುತ್ತಿದ್ದೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಲ್ಲಿ ಬಂತು. ಉಯಿಲಿಲ್ಲದೆ ತೀರಿಕೊಂಡ ಗಂಡಸಿನ ಸ್ವಂತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಇವರಿಗೆಲ್ಲ ಸಮ ಸಮ ಹೋಗುತ್ತದೆ ಅಂತ ಅದು ಆಗಲೇ ಹೇಳಿತ್ತು. ಪಿತ್ರಾರ್ಜಿತದಲ್ಲಿ ಮಾತ್ರ ಹೆಣ್ಣುಮಕ್ಕಳಿಗೆ ಮೋಸವಾಗುತ್ತಿತ್ತು. ನಮ್ಮ ರಾಜ್ಯ 1994ರಲ್ಲಿ ಒಂದು ತಿದ್ದುಪಡಿ ತಂದು ಅದನ್ನು ಸ್ವಲ್ಪ ಸರಿಪಡಿಸಿತು. 2005ರಲ್ಲಿ ಕೇಂದ್ರವೇ ತಿದ್ದುಪಡಿ ಮಾಡಿ ಮಗಳನ್ನೂ ಮಗನ ಹಾಗೆಯೇ ಹುಟ್ಟಿನಿಂದ ಹಕ್ಕುದಾರಳು ಎಂದಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉಳಿದಿದ್ದ ಗೊಂದಲವನ್ನೂ ತೆಗೆಯಿತು.

ಅಂದರೆ ಏನಾಯಿತು? ನಿಮ್ಮ ತಂಗಿಯನ್ನು ಮಗ ಅಂದರೂ ಒಂದು ಪಾಲು, ಮಗಳು ಅಂದರೂ ಅಷ್ಟೇ ಪಾಲು. ಅವರು ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡುವ ಅಗತ್ಯವೇ ಇಲ್ಲಿ ಬರುವುದಿಲ್ಲ. ನ್ಯಾಯಾಧೀಶರು ಕೇಳುವುದು ಒಂದೇ: ಇವರು ಆ ಅಪ್ಪ ಅಮ್ಮನಿಗೆ ಹುಟ್ಟಿದವರು ಹೌದಾ?

ಲೆಕ್ಕ ಹಾಕಿ ತೋರಿಸುತ್ತೇನೆ. ಅಪ್ಪ ಕೊಂಡ ಎರಡೂವರೆ ಎಕರೆ ಅಂದರೆ 100 ಗುಂಟೆ. ಅಜ್ಜಿ ಈಗಿಲ್ಲ ಅಂತಾದರೆ ವಾರಸುದಾರರು ನಾಲ್ಕು ಜನ. ತಲಾ 25 ಗುಂಟೆ. ಅಮ್ಮನಿಗೆ 25, ಅಣ್ಣನಿಗೆ 25, ನಿಮಗೆ 25, ತಂಗಿಗೆ 25. ತಾತನ ಕಾಲದ ಒಂದೂವರೆ ಎಕರೆಗೆ ಲೆಕ್ಕ ಸ್ವಲ್ಪ ಬೇರೆ. ಅದು ತಾತನಿಗೆ ಹೇಗೆ ಬಂತು, ಅಪ್ಪನ ಹೆಸರಿಗೆ ಯಾವಾಗ ಬಂತು, ಆ ಕಾಗದ ನೋಡದೆ ಗುಂಟೆ ಹೇಳಲಾಗದು. ಆದರೆ ಅಲ್ಲೂ ನೀವು ಮೂವರೂ ಒಂದೇ ತೂಕ.

ಅಂದಹಾಗೆ, ನಿಮ್ಮ ಪಾಲಿನ ಬಗ್ಗೆ ನೀವು ಒಂದು ಮಾತನ್ನೂ ಬರೆದಿಲ್ಲ. ತಂಗಿಯ ಪಾಲಿಗಾಗಿ ಇಷ್ಟು ದೊಡ್ಡ ಪತ್ರ ಬರೆದವರು ನೀವು. ನಿಮ್ಮ 25 ಗುಂಟೆಯನ್ನು ಅಣ್ಣ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಅಂತ ನನ್ನ ಅನುಮಾನ. ನಮ್ಮ ಮಲೆನಾಡಿನ ಮನೆಗಳಲ್ಲಿ ಮದುವೆಯಾದ ಹೆಣ್ಣುಮಗಳು ಅರಿಶಿನ ಕುಂಕುಮ ತಗೊಂಡು ಸಹಿ ಹಾಕಿ ಹೋಗುವುದು ಇನ್ನೂ ನಡೆದೇ ಇದೆ. ಇಪ್ಪತ್ತೆರಡು ವರ್ಷದಿಂದ ಹಾಸನದ ಸಿವಿಲ್ ಕೋರ್ಟುಗಳಲ್ಲಿ ಪಾಲಿನ ದಾವೆಗಳನ್ನೇ ಜಾಸ್ತಿ ನಡೆಸಿದ್ದೇನೆ. ಬಹಳಷ್ಟು ಹೆಣ್ಣುಮಕ್ಕಳು ನನ್ನ ಬಳಿ ಬರುವ ಹೊತ್ತಿಗೆ ಸಹಿ ಆಗಿಹೋಗಿರುತ್ತದೆ.

ಆದ್ದರಿಂದ ಆ ಪತ್ರ. ಪೌತಿ ಖಾತೆಗೆ ಬೇಕಾದದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ಅರ್ಜಿ, ಇಂಥವು. ಅಣ್ಣ ತಂದ ಪತ್ರದಲ್ಲಿ ‘ನನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ’ ಅಥವಾ ‘ಯಾವುದೇ ತಕರಾರು ಇರುವುದಿಲ್ಲ’ ಎಂಬ ಸಾಲು ಇದೆಯಾ ನೋಡಿ. ಇದ್ದರೆ ಅದು ಹಕ್ಕು ಬಿಡುಗಡೆಯ ದಾರಿ. ನೀವೂ ಹಾಕಬೇಡಿ, ಅಮ್ಮನಿಗೂ ಹಾಕಬೇಡಿ ಅನ್ನಿ, ತಂಗಿಯೂ ಹಾಕಬಾರದು. ಇನ್ನೊಂದು ವಿಷಯ. ಖಾತೆ ಒಬ್ಬರ ಹೆಸರಿಗೆ ಆದ ಮಾತ್ರಕ್ಕೆ ಜಮೀನು ಅವರೊಬ್ಬರದಾಗುವುದಿಲ್ಲ. ಪಹಣಿಯಲ್ಲಿ ಹೆಸರು ಕೂರುವುದು ಕಂದಾಯದ ಲೆಕ್ಕಕ್ಕೆ. ಹಕ್ಕು ಇರುವುದು ವಾರಸುದಾರಿಕೆಯಲ್ಲಿ. ಖಾತೆ ಈಗಾಗಲೇ ಅಣ್ಣನ ಹೆಸರಿಗೆ ಹೋಗಿದ್ದರೂ ಗಾಬರಿ ಬೇಡ.

ವಂಶವೃಕ್ಷದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ನಿಮ್ಮ ತಂಗಿಯ ಶಾಲೆಯ ದಾಖಲೆ, ರೇಷನ್ ಕಾರ್ಡು ಎಲ್ಲ ಹಳೆ ಹೆಸರಿನಲ್ಲಿರುತ್ತವೆ. ಹಳೆ ಹೆಸರು, ‘ಉರುಫ್’, ಹೊಸ ಹೆಸರು, ಹೀಗೆ ಎರಡನ್ನೂ ಬರೆಸಿ. ಹಳೆ ಹೆಸರು ಕಂಡರೆ ಅವರಿಗೆ ನೋವಾಗಬಹುದು. ಆದರೆ ಆ ಎರಡು ಹೆಸರಿನ ನಡುವಿನ ಕೊಂಡಿ ಕಾಗದದಲ್ಲಿ ತಪ್ಪಿದರೆ ‘ಈಕೆ ಯಾರೋ ಗೊತ್ತಿಲ್ಲ’ ಅನ್ನಲು ಅಣ್ಣನಿಗೆ ಜಾಗ ಸಿಗುತ್ತದೆ.

ಮಕ್ಕಳೆಲ್ಲರಿಗೂ ಸಮಪಾಲು ಇಲ್ಲದ ಕಡೆ ಈ ಮಾತು ಇಷ್ಟು ಸಲೀಸಲ್ಲ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮಗನಿಗೆ ಮಗಳ ಎರಡರಷ್ಟು. ಅಂಥ ಮನೆಯಲ್ಲಿ ಇದೇ ಪ್ರಶ್ನೆ ಎದ್ದರೆ ಮಗನೋ ಮಗಳೋ ಅನ್ನುವುದು ನಿಜವಾಗಿಯೂ ಪಾಲನ್ನು ಬದಲಾಯಿಸುತ್ತದೆ. ಆ ಓದುಗರು ಇದನ್ನೇ ನಂಬಿಕೊಂಡು ಕೂರದೆ ಬೇರೆಯಾಗಿ ಸಲಹೆ ಪಡೆಯಬೇಕು.

ಇನ್ನು ಬ್ರಿಟನ್ನಿನ ತೀರ್ಪು. 2025ರ ಏಪ್ರಿಲ್ 16ರಂದು ಅಲ್ಲಿನ ಸುಪ್ರೀಂ ಕೋರ್ಟು ಕೊಟ್ಟದ್ದು. ಐವರು ನ್ಯಾಯಮೂರ್ತಿಗಳು, ಒಮ್ಮತ. ಸರ್ಕಾರಿ ಮಂಡಳಿಗಳಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿಸಲು ಸ್ಕಾಟ್ಲೆಂಡಿನಲ್ಲಿ 2018ರಲ್ಲಿ ಒಂದು ಕಾನೂನು ಬಂದಿತ್ತು. ಲಿಂಗ ಬದಲಾವಣೆಯ ಪ್ರಮಾಣಪತ್ರ ಪಡೆದ ಟ್ರಾನ್ಸ್ ಮಹಿಳೆಯರನ್ನು ಆ ಲೆಕ್ಕದಲ್ಲಿ ಸೇರಿಸಬಹುದಾ ಅನ್ನುವುದು ಜಗಳ. ಅಲ್ಲಿನ 2010ರ ಸಮಾನತೆ ಕಾಯ್ದೆಯಲ್ಲಿ ‘ಮಹಿಳೆ’ ಎಂಬ ಪದಕ್ಕೆ ಹುಟ್ಟಿನ ದೇಹದ ಅರ್ಥವೇ ಸರಿ ಎಂದು ಕೋರ್ಟು ಹೇಳಿತು. ಅದೇ ಉಸಿರಿನಲ್ಲಿ ಇನ್ನೆರಡು ಮಾತನ್ನೂ ಹೇಳಿತು. ಇದನ್ನು ಒಂದು ಗುಂಪಿನ ಮೇಲೆ ಇನ್ನೊಂದು ಗುಂಪಿನ ಗೆಲುವು ಅಂತ ಓದಬೇಡಿ ಎಂದಿತು. ಟ್ರಾನ್ಸ್ ಜನರನ್ನು ತಾರತಮ್ಯದಿಂದ ಕಾಪಾಡುವ ಭಾಗ ಅದೇ ಕಾಯ್ದೆಯಲ್ಲಿ ಹಾಗೆಯೇ ಇದೆ ಎಂದಿತು. ನಿಮ್ಮ ಸ್ಟಾಫ್ ರೂಮಿನ ಚರ್ಚೆಯಲ್ಲಿ ಈ ಎರಡು ಮಾತು ಬಂದ ಹಾಗಿಲ್ಲ.

ಆ ತೀರ್ಪು ನಮ್ಮ ಯಾವ ಕೋರ್ಟನ್ನೂ ಕಟ್ಟಿಹಾಕುವುದಿಲ್ಲ. ಹಾಗೆ ನೋಡಿದರೆ ಹುಟ್ಟಿನ ದೇಹವೇ ಕೊನೆ ಮಾತು ಅನ್ನುವ ವಾದ ಇಂಗ್ಲೆಂಡಿನಿಂದಲೇ ಇನ್ನೂ ಹಳೆಯ ರೂಪದಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು, 1970ರ ಕಾರ್ಬೆಟ್ ತೀರ್ಪಿನ ರೂಪದಲ್ಲಿ. ನಮ್ಮವರು ಅದನ್ನು ಒಪ್ಪಲಿಲ್ಲ. 2014ರ ಏಪ್ರಿಲ್ 15ರಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಕೊಟ್ಟ ತೀರ್ಪು ಅದು. ಒಬ್ಬರು ತಮ್ಮನ್ನು ಗಂಡು, ಹೆಣ್ಣು ಅಥವಾ ತೃತೀಯ ಲಿಂಗಿ ಎಂದು ಗುರುತಿಸಿಕೊಳ್ಳುವುದು ಅವರ ಹಕ್ಕು, ಅದಕ್ಕೆ ಆಪರೇಷನ್ ಆಗಿರಲೇಬೇಕು ಅನ್ನುವಂತಿಲ್ಲ ಎಂದರು. ಈ ಕೇಸು ಹಾಕಿದ್ದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ. ಬಡವರಿಗೆ ಉಚಿತ ವಕೀಲರನ್ನು ಕೊಡುವ ಸರ್ಕಾರಿ ಸಂಸ್ಥೆಯೇ ಮುಂದೆ ನಿಂತು ಈ ಕೇಸು ನಡೆಸಿತು ಅನ್ನುವುದು ನನಗೆ ಈಗಲೂ ಹೆಮ್ಮೆ.

ಆಮೇಲೆ ಬಂದದ್ದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ, 2020ರ ಜನವರಿ 10ರಿಂದ ಜಾರಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿಯಮಗಳು ಬಂದವು. ಪ್ರಮಾಣಪತ್ರದ ಬಗ್ಗೆ ನಾನು ಮುಂದೆ ಹೇಳುವುದು 2025ರ ಜುಲೈನಲ್ಲಿ ಇವು ಇದ್ದ ಹಾಗೆ; ಆಮೇಲೆ ಬದಲಾಗಿರಬಹುದು, ಅರ್ಜಿ ಹಾಕುವ ಮೊದಲು ಈಗಿನ ನಿಯಮ ವಿಚಾರಿಸಿಕೊಳ್ಳಿ. ನಿಮ್ಮ ತಂಗಿ ಕೇಂದ್ರ ಸರ್ಕಾರದ ಟ್ರಾನ್ಸ್‌ಜೆಂಡರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಜೊತೆಗೆ ಒಂದು ಅಫಿಡವಿಟ್. ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ಅರ್ಜಿ ಹಾಕುವ ದಿನಕ್ಕೆ ಆ ಜಿಲ್ಲೆಯಲ್ಲಿ 12 ತಿಂಗಳು ವಾಸವಿರಬೇಕು. ಅವರು ಊರಿಗೆ ಬಂದು ಇನ್ನೂ ವರ್ಷ ತುಂಬಿಲ್ಲದಿದ್ದರೆ ಸ್ವಲ್ಪ ಕಾಯಿರಿ. 30 ದಿನದೊಳಗೆ ಕೊಡಬೇಕು. ತಿರಸ್ಕರಿಸಿದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು. 2020ರ ನಿಯಮಗಳ ಪ್ರಕಾರ ಇದಕ್ಕೆ ಯಾವ ವೈದ್ಯಕೀಯ ಪರೀಕ್ಷೆಯೂ ಇರಲಿಲ್ಲ, ದೇಹ ತಪಾಸಣೆಯೂ ಇರಲಿಲ್ಲ.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣ ಇದೆ. ಮೂರು ವರ್ಷದ ಹಿಂದೆ ನನ್ನ ಕಕ್ಷಿದಾರರೊಬ್ಬರ ಅರ್ಜಿ ಪೋರ್ಟಲ್‌ನಲ್ಲಿ ಮುಂದೆ ಹೋಗದೆ ನಿಂತಿತ್ತು. ವಿಚಾರಿಸಲು ಇಬ್ಬರೂ ಒಂದು ಕಚೇರಿಗೆ ಹೋದೆವು. ಗುಮಾಸ್ತರು ತಲೆ ಎತ್ತಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ‘ಆಪರೇಷನ್ ಆಗಿದೆಯಾ? ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ’ ಅಂದರು. ಗಟ್ಟಿಯಾಗಿಯೇ ಅಂದರು. ಹಿಂದೆ ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ನನ್ನ ಕಕ್ಷಿದಾರರು ಏನೂ ಮಾತಾಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದರು. ನಾನು ಬ್ಯಾಗಿನಿಂದ ನಿಯಮಗಳ ಪ್ರಿಂಟ್ ತೆಗೆದು, ಪರೀಕ್ಷೆ ಬೇಡ ಎಂಬ ಸಾಲಿನ ಮೇಲೆ ಬೆರಳಿಟ್ಟು ಮೇಜಿನ ಮೇಲೆ ಇಟ್ಟೆ. ಅವರು ಎರಡು ಸಲ ಓದಿದರು. ಆಮೇಲೆ ಫೈಲು ತೆಗೆದುಕೊಂಡರು. ಕೆಳಗೆ ಬಂದು ಕಾಫಿ ತಗೊಂಡೆವು. ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ಕಾಫಿ ಸಾಸರಿಗೇ ಚೆಲ್ಲಿತು. ಪ್ರಮಾಣಪತ್ರ ಬಂತು. ಆದರೆ ಆ ಹತ್ತು ನಿಮಿಷವನ್ನು ಅವರಿಂದ ವಾಪಸ್ ತೆಗೆಯಲು ಯಾರಿಗೆ ಆಗುತ್ತದೆ? ನೀವು ಹೋಗುವಾಗ ಆಗ ಜಾರಿಯಲ್ಲಿರುವ ನಿಯಮದ ಪ್ರಿಂಟ್ ಜೊತೆಗಿರಲಿ.

ಈ ಮೊದಲ ಪ್ರಮಾಣಪತ್ರದಲ್ಲಿ ‘ಟ್ರಾನ್ಸ್‌ಜೆಂಡರ್’ ಎಂದೇ ಬರುತ್ತದೆ. ‘ಹೆಣ್ಣು’ ಎಂದು ಬೇಕಾದರೆ ಎರಡನೇ ಅರ್ಜಿ, ಅದಕ್ಕೆ ವೈದ್ಯಕೀಯ ದಾಖಲೆ ಬೇಕು. ಇಲ್ಲಿ ಕಾಯ್ದೆ ಶಸ್ತ್ರಚಿಕಿತ್ಸೆ ಎನ್ನುತ್ತದೆ. ನಿಯಮಗಳು ಕೌನ್ಸೆಲಿಂಗ್, ಹಾರ್ಮೋನ್ ಚಿಕಿತ್ಸೆಯನ್ನೂ ಸೇರಿಸಿಕೊಳ್ಳುವ ಅಗಲವಾದ ಮಾತು ಆಡುತ್ತವೆ. 2014ರ ತೀರ್ಪು ಆಪರೇಷನ್ ಕಡ್ಡಾಯ ಮಾಡಬೇಡಿ ಎಂದಮೇಲೂ ಕಾಯ್ದೆ ಅದನ್ನು ಹಿಂಬಾಗಿಲಿನಿಂದ ತಂದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಈ ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳೂ ಹೋಗಿವೆ. ಸದ್ಯಕ್ಕೆ ಮೊದಲ ಪ್ರಮಾಣಪತ್ರ ಮಾಡಿಸಿ. ಹೆಸರು ಬದಲಾವಣೆಗೆ ಅದೇ ಸಾಕು. ಆಧಾರ್, ವೋಟರ್ ಕಾರ್ಡ್ ಎಲ್ಲ ಅದರ ಹಿಂದೆ ಬರುತ್ತವೆ. ಜನನ ಪ್ರಮಾಣಪತ್ರ ಬದಲಾಯಿಸಲು ಅವಕಾಶವೇ ಇಲ್ಲ ಅಂತ ಯಾರಾದರೂ ಹೇಳಿದರೆ, 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟು ಕೊಟ್ಟ ಆದೇಶ ತೋರಿಸಿ. ಹಳೆಯ ಹೆಸರು ಲಿಂಗ, ಹೊಸ ಹೆಸರು ಲಿಂಗ, ಎರಡೂ ಇರುವ ಪರಿಷ್ಕೃತ ಜನನ ಪ್ರಮಾಣಪತ್ರ ಕೊಡಿ ಎಂದು ಅದು ಹೇಳಿದೆ.

ಇದೇ ಕಾಯ್ದೆಯ 12ನೇ ಕಲಮು ನಿಮ್ಮ ಮನೆಗೆ ತುಂಬಾ ಬೇಕಾದದ್ದು. ಅಪ್ಪ ಅಮ್ಮ ಅಥವಾ ಹತ್ತಿರದ ಕುಟುಂಬದವರು ಇರುವ ಮನೆಯಲ್ಲಿ ಇರುವ ಹಕ್ಕು ಟ್ರಾನ್ಸ್ ವ್ಯಕ್ತಿಗೆ ಇದೆ. ಮನೆಯಿಂದ, ಊರಿನಿಂದ ಹೊರಗೆ ಹಾಕಿದರೆ 18ನೇ ಕಲಮಿನಡಿ 6 ತಿಂಗಳಿಂದ 2 ವರ್ಷದವರೆಗೆ ಜೈಲು. ಅಣ್ಣನಿಗೆ ಇದನ್ನು ಬೆದರಿಕೆಯಾಗಿ ಹೇಳಬೇಡಿ. ಆದರೆ ಅವರಿಗೆ ಗೊತ್ತಿರಲಿ.

ಈಗ ನಿಮ್ಮ ಸಹೋದ್ಯೋಗಿಗಳ ಪ್ರಶ್ನೆ. ಅವರನ್ನು ಕೆಟ್ಟವರು, ಹಳೇ ಕಾಲದವರು ಅನ್ನಲು ನಾನು ತಯಾರಿಲ್ಲ. ನಾನೂ ಹೆಂಗಸು. ಹೊತ್ತು ಮೀರಿ ಬಸ್ ಇಳಿದು, ಬಲ್ಬು ಕೆಟ್ಟ ಟಾಯ್ಲೆಟ್ಟಿಗೆ ಹೋಗುವಾಗ ಹಿಂದೆ ಹೆಜ್ಜೆ ಸದ್ದಾದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ನನಗೆ ಗೊತ್ತು. ಆ ಭಯ ಸುಳ್ಳಲ್ಲ. ಅದೇ ಟಾಯ್ಲೆಟ್ಟಿಗೆ ಹೋಗಬೇಕಾದ ಟ್ರಾನ್ಸ್ ಮಹಿಳೆಯ ಎದೆಯೂ ಹಾಗೇ ಹೊಡೆದುಕೊಳ್ಳುತ್ತದೆ. ಗಂಡಸರ ಕಡೆಗೆ ಹೋದರೆ ಏನಾಗುತ್ತದೆ ಅಂತ ಅವರಿಗೂ ಗೊತ್ತು. ಬಾಗಿಲು ಚಿಲಕ ಗಟ್ಟಿಯಿರುವ, ಒಬ್ಬೊಬ್ಬರೇ ಬಳಸುವ ಕೋಣೆಗಳನ್ನು ಕಟ್ಟಿದರೆ ಈ ಜಗಳದ ಮುಕ್ಕಾಲು ಭಾಗ ಮುಗಿಯುತ್ತದೆ. ಎಲ್ಲರೂ ಬಳಸಬಹುದಾದ ಶೌಚಾಲಯದಂಥ ಸೌಕರ್ಯ ಕೊಡಿ ಎಂದು 2020ರ ನಿಯಮಗಳು ಸಂಸ್ಥೆಗಳಿಗೆ ಹೇಳಿಯೇ ಇವೆ.

ಉಳಿದ ಕಡೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಯಾವ ಕೆಲಸಕ್ಕೆ? ‘ನಿಜವಾದ ಹೆಣ್ಣು ಯಾರು’ ಅಂತ ಟಿವಿಯಲ್ಲಿ ರಾತ್ರಿಯಿಡೀ ಕೂಗಾಡಬಹುದು. ಕಾನೂನಿಗೆ ಅಷ್ಟು ದೊಡ್ಡ ಪ್ರಶ್ನೆ ಬೇಕಿಲ್ಲ. ಪಾಲಿನ ಕೆಲಸಕ್ಕೆ ಹುಟ್ಟಿದ ಮನೆ ಮುಖ್ಯ. ಬಸ್ಸಿನ ಕೆಲಸಕ್ಕೆ ಗುರುತಿನ ಚೀಟಿ ಮುಖ್ಯ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಮೊದಲ ದಿನದಿಂದಲೇ ಸೇರಿಸಿದ್ದಾರೆ. ಸಕಲೇಶಪುರದಿಂದ ಹಾಸನಕ್ಕೆ ಬರುವ ಸಾಮಾನ್ಯ ಬಸ್ಸಿನಲ್ಲಿ ನಿಮಗೂ ಶೂನ್ಯ ಟಿಕೆಟ್, ನಿಮ್ಮ ತಂಗಿಗೂ ಶೂನ್ಯ ಟಿಕೆಟ್. ಅದರಿಂದ ಯಾವ ಹೆಂಗಸಿನ ಸೀಟೂ ಹೋಗಲಿಲ್ಲ.

ನೌಕರಿಯ ಮೀಸಲಾತಿಯೂ ಹಾಗೆಯೇ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೆ 1 ಶೇಕಡಾ ಸಮತಲ ಮೀಸಲಾತಿ 2021ರಲ್ಲಿ ಬಂತು, ದೇಶದಲ್ಲೇ ಮೊದಲು. ಅದು ಎಲ್ಲ ವರ್ಗಗಳ ಒಳಗೂ ಬೇರೆಯಾಗಿಯೇ ಇದೆ. ಮಹಿಳೆಯರ ಮೀಸಲಾತಿಯಿಂದ ಕಿತ್ತುಕೊಂಡದ್ದಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಮಾತ್ರ ವಿಷಯ ಸ್ವಲ್ಪ ತೊಡಕಿನದ್ದು. ಮಹಾರಾಷ್ಟ್ರದಲ್ಲಿ ಮಹಿಳಾ ಮೀಸಲು ವಾರ್ಡಿನಿಂದ ನಿಲ್ಲಲು ಹೊರಟ ಟ್ರಾನ್ಸ್ ಮಹಿಳೆಯ ನಾಮಪತ್ರ ತಿರಸ್ಕಾರವಾಗಿತ್ತು. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಆಕೆಗೆ ಅವಕಾಶ ಕೊಟ್ಟಿತು. ನಾನು ಅದನ್ನು ಒಪ್ಪುತ್ತೇನೆ. ಇದು ಹೆಂಗಸರಿಗೆ ಎಷ್ಟೋ ಕಷ್ಟಪಟ್ಟು ಸಿಕ್ಕ ಜಾಗ, ಕೇಳಿ ಮಾಡಿ ಅನ್ನುವವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ.

ಆಟದ ವಿಷಯದಲ್ಲಿ ನನ್ನ ಉತ್ತರ ಬೇರೆ. ಓಟದ ಕೆಲಸಕ್ಕೆ ದೇಹವೇ ಮುಖ್ಯ. ಗಂಡು ದೇಹವಾಗಿ ಬೆಳೆದ ಮೂಳೆ, ಸ್ನಾಯು ಕಾಗದ ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2023ರಲ್ಲಿ ಗಂಡು ದೇಹದಲ್ಲೇ ಪ್ರಾಯಕ್ಕೆ ಬಂದ ಟ್ರಾನ್ಸ್ ಮಹಿಳೆಯರನ್ನು ಮಹಿಳಾ ವಿಭಾಗದಿಂದ ಹೊರಗಿಟ್ಟಿತು. ಅದರಲ್ಲಿ ನ್ಯಾಯ ಇದೆ ಅನ್ನಿಸುತ್ತದೆ ನನಗೆ. ಆದರೆ ಇದೇ ‘ದೇಹ ಪರೀಕ್ಷೆ’ಯ ಹೆಸರಲ್ಲಿ ನಮ್ಮ ಹುಡುಗಿಯರಿಗೆ ಆದದ್ದನ್ನೂ ಮರೆಯಬಾರದು. ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಗೇಮ್ಸ್‌ನ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಅವರು ಟ್ರಾನ್ಸ್ ಅಲ್ಲ. ಹುಟ್ಟಿದಾಗಿನಿಂದ ಹುಡುಗಿಯಾಗಿಯೇ ಬೆಳೆದವರು. ಊರಿಗೆ ಬಂದ ಮೇಲೆ ಆ ಹೆಣ್ಣುಮಗಳು ಪಟ್ಟ ಪಾಡು ನೋಡಿದರೆ, ‘ಪರೀಕ್ಷೆ ಮಾಡಿಬಿಟ್ಟರೆ ಆಯ್ತಲ್ವಾ’ ಅಂತ ಯಾರೂ ಹಗುರವಾಗಿ ಹೇಳಲಾರರು.

ಹಾಸ್ಟೆಲ್, ಪಿಜಿ, ಜೈಲು, ಇವಕ್ಕೆಲ್ಲ ಒಂದೇ ಸಾಲಿನ ಉತ್ತರ ಇಲ್ಲ. ಬಂದವರ ಪೂರ್ವಾಪರ ನೋಡಬೇಕು, ಜೊತೆಗಿರುವವರನ್ನು ಕೇಳಬೇಕು, ಅಪರಾಧದ ಹಿನ್ನೆಲೆ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದು ನಿಧಾನದ ಕೆಲಸ. ನಿಮ್ಮ ಸಹೋದ್ಯೋಗಿಗಳು ಈ ಪ್ರಶ್ನೆ ಕೇಳಲಿ. ಅದರ ಉತ್ತರಕ್ಕೂ ನಿಮ್ಮ ತಂಗಿಯ 25 ಗುಂಟೆಗೂ ಸಂಬಂಧ ಇಲ್ಲ ಅಂತ ಮಾತ್ರ ಹೇಳಿ.

ಮುಂದೆ ಮಾಡಬೇಕಾದ್ದು ಇಷ್ಟು. ಹಾಸನದ ಕೋರ್ಟು ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. 2014ರ ಕೇಸು ಹಾಕಿತು ಅಂದೆನಲ್ಲ, ಆ ಸಂಸ್ಥೆಯದೇ ಜಿಲ್ಲಾ ಶಾಖೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ನೀವು, ಅಮ್ಮ, ತಂಗಿ ಮೂವರೂ ಒಟ್ಟಿಗೆ ಹೋಗಿ. ಅಪ್ಪನ ಮರಣ ಪ್ರಮಾಣಪತ್ರ, ಎರಡೂ ಜಮೀನಿನ ಪಹಣಿ, ಅಪ್ಪ ಕೊಂಡ ಕ್ರಯಪತ್ರ, ತಂಗಿಯ ಹತ್ತನೇ ತರಗತಿಯ ಅಂಕಪಟ್ಟಿ, ಅಣ್ಣ ಕೊಟ್ಟ ಪತ್ರದ ಜೆರಾಕ್ಸ್, ಇಷ್ಟನ್ನು ತೆಗೆದುಕೊಂಡು ಹೋಗಿ. ಖಾತೆಗೆ ತಕರಾರು ಸಲ್ಲಿಸುವುದಿದ್ದರೆ ತಡ ಮಾಡಬೇಡಿ. ಅಲ್ಲಿ ನಿಮ್ಮ ತಂಗಿಯ ಬದಲು ನೀವು ಮಾತಾಡಬೇಡಿ. ಅವರೇ ಹೇಳಲಿ. ನಿಮ್ಮ ಪಾಲಿನ ವಿಷಯ ನೀವು ಹೇಳಿ.